ಕೋಚ್ ಆದವನ ಬರಿದಲೆ

ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೊರಟ ಬಸ್ಸಿನಲ್ಲಿ ಸೊಸೆ ಫೋನು ಹಿಡಿದು ಮಗನ ಐಸ್ ಹಾಕಿ, ಅಂದರೆ ಮಂಜುಗಡ್ಡೆ ಮೇಲಿನ ಹಾಕಿ, ಪಂದ್ಯ ನೋಡುತ್ತಿದ್ದಳು. ಮಂಡಿ ಕೈಕೊಡುವವರೆಗೂ ನನ್ನ ಮೊಮ್ಮಗ ಆಡಿದ. ಈಗ ಕೋಚು. ಆಡುವಾಗ ತಲೆಗೆ ಹೆಲ್ಮೆಟ್ ಇತ್ತು. ಈಗ ಅಂಕಣದ ಅಂಚಿನಲ್ಲಿ ಬರಿದಲೆಯಲ್ಲಿ ನಿಲ್ಲುತ್ತಾನೆ, ಚೆಂಡಿನ ಬದಲು ಆಡುವ ಕಲ್ಲಿನಂಥ ಕರಿ ಬಿಲ್ಲೆ ಅವನ ಕಿವಿಯ ಪಕ್ಕವೇ ಹಾರುತ್ತದೆ.

“ಮಾವು ಕೀಳೋವಾಗ ಮರದ ಕೆಳಗಿರೋರು ತಲೆಗೆ ಟವಲ್ ಸುತ್ಕೊಳ್ಳಲ್ವೇನೇ? ನೀನೂ ಸುತ್ಕೊಳ್ಳೋ ಅಂತ ಬೆಳಿಗ್ಗೆ ಫೋನಲ್ಲಿ ಅವನಿಗೆ ಬೈದೆ,” ಎಂದೆ ಸೊಸೆಗೆ.

“ಕೋಚ್‌ಗಳು ಹಂಗೆಲ್ಲ ಸುತ್ತಲ್ಲ ಅತ್ತೆ, ನಗ್ತಾರೆ.”

“ನಗ್ಲಿ ಬಿಡು, ತಲೆ ಒಡೆಯೋದಕ್ಕಿಂತ ವಾಸಿ.”

ಬಿಲ್ಲೆ ಅವನ ಕಡೆಗೇ ಹಾರಿತು. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಬಸ್ಸು ಮಾವಿನ ತೋಪುಗಳನ್ನು ದಾಟಿದ ಮೇಲೆ ಚಿತ್ರ ಮತ್ತೆ ಬಂತು. ಅವನು ನಿಂತೇ ಇದ್ದ. ತಲೆಗೆ ಟವಲ್ ಸುತ್ತಿಕೊಂಡಿದ್ದ, ಅದು ಕೆಂಪಗಿತ್ತು.

“ಟವಲ್ ಬಣ್ಣಾನೇ ಕೆಂಪು ಅತ್ತೆ,” ಎಂದಳು ಸೊಸೆ.

ಹತ್ತಿರದಿಂದ ನೋಡ್ತೀನಿ ಕೊಡು ಅಂದರೂ ಫೋನನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ.