ಅತ್ತೆಯ ಗಲ್ಲ, ಬೀಗಿತ್ತಿಯ ಕೀಲಿ

ನಮ್ಮ ಅತ್ತೆಯವರ ಎಡಗಲ್ಲದಲ್ಲಿ ನೋವು ಶುರುವಾದಾಗ ಮೊದಲು ಶಿಕ್ಷೆಯಾದದ್ದು ಹಲ್ಲುಗಳಿಗೆ. ಒಂದನ್ನು ಕೀಳಿಸಿದರು, ನೋವು ನಿಲ್ಲಲಿಲ್ಲ, ಪಕ್ಕದ್ದನ್ನೂ ಕೀಳಿಸಿದರು. ಹಲ್ಲು ಹೋದವು, ನೋವು ಮಾತ್ರ ಹಳೇ ಬಾಡಿಗೆದಾರನಂತೆ ಉಳಿಯಿತು. ಮುಖ ತೊಳೆದರೆ, ರೊಟ್ಟಿ ಅಗಿದರೆ, ಗಾಳಿ ಸೋಕಿದರೂ ಕರೆಂಟು ಹೊಡೆದಂತೆ ಬಂದು, ನಾವು ಓಡಿ ಬರುವಷ್ಟರಲ್ಲಿ ಹೋಗಿರುತ್ತಿತ್ತು. ಅವರ ಕುರುಗೋಡಿನ ತವರಿನಿಂದ ಬಂದ ಎಣ್ಣೆಗೆ ಗಲ್ಲ ಹೊಳೆಯಿತು, ಅಷ್ಟೇ.

ಕಡೆಗೆ ನಮ್ಮೂರಿನ ಗಾಂಧಿನಗರದ ಡಾಕ್ಟರೊಬ್ಬರು, "ಇದು ಹಲ್ಲಲ್ಲರೀ, ನರ" ಎಂದು ಕಾರ್ಬಮಜೆಪಿನ್ ಎಂಬ ಗುಳಿಗೆ ಬರೆದುಕೊಟ್ಟರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮಗೆ ಆ ಹೆಸರು ಹೊಸದು. ಔಷಧದಂಗಡಿಯವನಿಗೆ ಹೊಸದಲ್ಲ. ಅಷ್ಟು ಜನರ ನಡುವೆ ಕೂಗಿ ಕೇಳಿದ: "ಮನ್ಯಾಗ ಫಿಟ್ಸ್ ಯಾರಿಗೈತ್ರೀ, ಅಕ್ಕಾರ?"

ಅತ್ತೆ ನನ್ನ ಮೊಣಕೈ ಚಿವುಟಿದರು.

ಕಾನ್ವೆಂಟಿನಲ್ಲಿ ಓದಿದವಳೆಂದು ಮನೆಯ ಇಂಗ್ಲಿಷ್ ಅಕ್ಷರವೆಲ್ಲ ನನ್ನ ಪಾಲಿಗೆ. ಗುಳಿಗೆಯ ಜೊತೆಗಿದ್ದ ಕಾಗದವನ್ನು ಓದಿ ಹೇಳಿದೆ: ಫಿಟ್ಸಿಗೂ ಇದೇ, ಮುಖದ ನರದ ನೋವಿಗೂ ಇದೇ. ಡಾಕ್ಟರೂ ಅದನ್ನೇ ಹೇಳಿದ್ದರು: "ಮೆದುಳಿರ್ಲಿ, ಗಲ್ಲ ಇರ್ಲಿ, ನರ ಸುಮ್ಸುಮ್ನ ಕಿಡಿ ಹಾರಿಸಿದ್ರ ಇದು ತಣ್ಣಗ ಮಾಡ್ತೈತಿ. ಮೊದಲಿಗೆ ನಿದ್ದಿ ಬರ್ತೈತಿ, ತಲಿ ತಿರಗ್ತೈತಿ. ಮೈಮ್ಯಾಲೆ ಗುಳ್ಳಿ ಎದ್ರ ತಡ ಮಾಡದ ಬರ್ರಿ. ನನ್ನ ಕೇಳದ ಒಮ್ಮೆಲೇ ಬಿಡಬ್ಯಾಡ್ರಿ."

ಅತ್ತೆ ಕೆಲವು ದಿನ ಪೂಜೆಯ ನಡುವೆಯೇ ತೂಕಡಿಸಿದರು. ಆಮೇಲೆ ರೊಟ್ಟಿ ತಿಂದರು, ಎರಡೂ ಕಡೆ ಅಗಿದು. ಅಷ್ಟರಲ್ಲಿ ನಾದಿನಿಯನ್ನು ನೋಡಲು ಸಿರುಗುಪ್ಪದವರು ಬರುತ್ತೇವೆಂದರು. ಅಕ್ಕಿ ಗಿರಣಿಯ ಮನೆ, ಹುಡುಗ ಹೈಸ್ಕೂಲು ಮೇಷ್ಟ್ರು. ತಾನು ಅವನನ್ನು ಕಾಲೇಜಿನ ದಿನಗಳಿಂದ ಬಲ್ಲೆ, ಈ ಸಂಬಂಧ ತಪ್ಪಿದರೆ ಇನ್ನೊಂದು ಬೇಡ ಎಂದು ನಾದಿನಿ ನನಗೊಬ್ಬಳಿಗೇ ಹೇಳಿದ್ದಳು.

"ಮನ್ಯಾಗ ಫಿಟ್ಸಿನ ಗುಳಿಗಿ ಐತಂತ ಗೊತ್ತಾದ್ರ ಈ ಹುಡುಗೀನ ಯಾರ್ ಕೇಳ್ತಾರ?" ಎಂದು ಅತ್ತೆ ಗುಳಿಗೆಯ ಪಟ್ಟಿಗಳನ್ನು ಹುಣಸೆಹಣ್ಣಿನ ಡಬ್ಬಿಯಲ್ಲಿ ಹೂತರು. ನುಂಗುವುದನ್ನೂ ನಿಲ್ಲಿಸಿದರು.

"ಒಮ್ಮೆಲೇ ಬಿಡಬ್ಯಾಡ್ರಿ ಅಂದಾರಲ್ರೀ ಡಾಕ್ಟ್ರು."

"ಡಾಕ್ಟ್ರು ಬಂದು ಮದಿವಿ ಮಾಡ್ತಾರೇನು? ಸುಮ್ನಿರವ್ವ."

ಬಂದವರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಇಟ್ಟೆವು. ಪಾರ್ವತಿನಗರದ ನಮ್ಮ ಮನೆಯ ಸೆಕೆಯಲ್ಲಿ ಬೀಗರು ಬೇಯಬಾರದೆಂದು ಪಕ್ಕದ ಮನೆಯ ಟೇಬಲ್ ಫ್ಯಾನು ತಂದಿದ್ದೆವು. ಅದು ಕತ್ತು ಹೊರಳಿಸುತ್ತ ತಮ್ಮ ಕಡೆ ಬಂದಾಗಲೆಲ್ಲ ಅತ್ತೆ ಸೆರಗನ್ನು ಗಲ್ಲಕ್ಕೆ ಎಳೆದುಕೊಳ್ಳುವರು, ಅತ್ತ ಹೋದ ಕೂಡಲೇ ಬಿಡುವರು. ಹುಡುಗನ ತಾಯಿ ಇದನ್ನು ದೊಡ್ಡ ಸಂಕೋಚವೆಂದು ತಿಳಿದಿರಬೇಕು. "ನೀವೂ ತೊಗೊಳ್ರಿ, ಹಂಗ ಕುಂತ್ರ ಹ್ಯಾಂಗ?" ಎಂದು ಮಿರ್ಚಿಯೊಂದನ್ನು ಕೈಗಿತ್ತರು. ಬೀಗರಾಗುವವರ ಕೈಯಿಂದ ಬಂದದ್ದನ್ನು ಬೇಡವೆನ್ನುವುದುಂಟೆ? ಅತ್ತೆ ಕಚ್ಚಿದರು. ಅದೇ ಹೊತ್ತಿಗೆ ಫ್ಯಾನೂ ಇತ್ತ ತಿರುಗಿತು.

ಮುಖ ಸೊಟ್ಟಗಾಯಿತು, ಕಣ್ಣು ಮುಚ್ಚಿತು, ಮಾತು ನಿಂತಿತು. ಹುಡುಗನ ತಾಯಿ ಫಿಟ್ಸೆಂದೇ ತಿಳಿದು ಚಂಗನೆ ಎದ್ದು, ಸೊಂಟದ ಕೀಲಿ ಗೊಂಚಲನ್ನು ಕಿತ್ತು ಅತ್ತೆಯ ಮುಷ್ಟಿಯೊಳಗೆ ತುರುಕಿದರು. "ಉಳ್ಳಾಗಡ್ಡಿ ಜಜ್ಜಿ ತರ್ರಿ! ಮೂಗಿಗೆ ಹಿಡೀರಿ!"

ನೋವು ತನ್ನ ರೂಢಿಯಂತೆ ಬಂದಷ್ಟೇ ಬೇಗ ಹೋಯಿತು. ಹೆಸರು ಬಂದದ್ದು ಕೀಲಿಗೆ.

"ಕಬ್ಬಿಣ ಸೋಕಿದ ಕೂಡ್ಲೆ ಹ್ಯಾಂಗ ಇಳೀತು ನೋಡ್ರಿ!" ಎಂದರು ಆಕೆ.

ಅತ್ತೆ ಕಣ್ಣೊರೆಸಿಕೊಂಡು ಕೀಲಿಯನ್ನು ನೋಡಿದರು, ಆಕೆಯನ್ನು ನೋಡಿದರು. "ಭಾಳ ರೂಢಿ ಐತಿ ಬಿಡ್ರಿ ನಿಮ್ಮ ಕೈಗೆ. ನಿಮ್ಮನ್ಯಾಗ ಯಾರಿಗೈತ್ರೀ?"

ಆಕೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, "ನಮ್ಮ ಸಣ್ಣ ಮಗಳಿಗ್ರಿ. ಈಗ ಗುಳಿಗಿ ತೊಗೊಂತಾಳ. ಬರದ ಭಾಳ ದಿನ ಆತು" ಎಂದರು.

ಅತ್ತೆಯ ಬೆನ್ನು ನೆಟ್ಟಗಾಯಿತು. "ಮೊದ್ಲ ಹೇಳಬೇಕಾಗಿತ್ತಲ್ರೀ. ಅಂಥಾ ಮನಿಗೆ ಹೆಣ್ಣು ಕೊಡಾಕ ನಾವೂ ವಿಚಾರ ಮಾಡಬೇಕಾಗ್ತೈತಿ." ಕೀಲಿ ಗೊಂಚಲು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು.

ಬಾಗಿಲಲ್ಲಿ ನಿಂತಿದ್ದ ನಾದಿನಿ ಅಡುಗೆಮನೆಗೆ ಹೋದಳು. ಅಳಲು ಹೋದಳೆಂದುಕೊಂಡೆ. ಹುಣಸೆಹಣ್ಣಿನ ಡಬ್ಬಿ ತಂದು, ಅಂಟಿಕೊಂಡಿದ್ದ ಪಟ್ಟಿಯೊಂದನ್ನು ಎಳೆದು ಹುಡುಗನ ತಾಯಿಗೆ ಕೊಟ್ಟಳು. "ಇದ ಅಲ್ರೀ ಆ ಗುಳಿಗಿ?"

ಆಕೆ ಬೆಳಕಿಗೆ ಹಿಡಿದು ನೋಡಿದರು. "ಇದ ನೋಡವ್ವ. ನಿಮ್ಮಲ್ಲಿ ಯಾರಿಗೆ?"

"ನಮ್ಮವ್ವನ ಗಲ್ಲದ ನರಕ್ಕರಿ. ನಿಮಗ ಹೆದರಿ ಹುಣಸಿಹಣ್ಣಿಗೆ ತಿನ್ನಿಸ್ಯಾಳ."

ಮೊದಲು ನಕ್ಕದ್ದು ಹುಡುಗನ ತಾಯಿ. ಆಮೇಲೆ ಬೈದದ್ದೂ ಆಕೆಯೇ: "ಒಮ್ಮೆಲೇ ಬಿಟ್ರೇನ್ರೀ? ನಮ್ಮಾಕಿ ಹಂಗ ಬಿಟ್ಟು ಬಚ್ಚಲದಾಗ ಬಿದ್ದಿದ್ಲು!" ಅತ್ತೆ ಕೀಲಿ ಗೊಂಚಲನ್ನು ಮೆಲ್ಲಗೆ ಹಿಂದಿರುಗಿಸಿದರು. ವಿಚಾರ ಮಾಡುವ ಮಾತನ್ನು ಮತ್ತೆ ಎತ್ತಲಿಲ್ಲ. ಮರುದಿನ ಡಾಕ್ಟರ ಹತ್ತಿರವೂ ಬೈಸಿಕೊಂಡು, ಗುಳಿಗೆಯನ್ನು ಮತ್ತೆ ಸ್ವಲ್ಪಸ್ವಲ್ಪವಾಗಿ ಶುರುಮಾಡಿದರು.

ಮದುವೆಯ ದಿನ ಊಟದ ಹೊತ್ತಿಗೆ ಹುಡುಗನ ತಂಗಿ ನೀರು ತಂದು ಅತ್ತೆಯ ಪಕ್ಕ ಕೂತಳು. ಇಬ್ಬರೂ ಒಂದೊಂದು ಗುಳಿಗೆ ನುಂಗಿದರು. ಪಕ್ಕದ ಮನೆಯಾಕೆ, ಅದೇ ಫ್ಯಾನಿನವರು, ಏನದು ಎಂದು ಕೇಳಿಯೇಬಿಟ್ಟರು.

ಅತ್ತೆ ಇಲ್ಲದ ಹಲ್ಲುಗಳ ಜಾಗವನ್ನು ಸೆರಗಿನಿಂದ ಮುಚ್ಚಿಕೊಂಡು ಹೇಳಿದರು: "ಹಲ್ಲಿನ ಗುಳಿಗಿರಿ. ನಮ್ಮಿಬ್ರಿಗೂ ಭಾಳ ಹಲ್ಲುನೋವು."