ಸಿಸ್ಟರಮ್ಮನ ಪ್ರೆಷರ್ ಮೆಷಿನ್

ಆ ಬೀದಿಯ ಕ್ಲಿನಿಕ್ಕಿಗೆ ಹೋದವರಿಗೆ ಮೊದಲು ಸಿಗುತ್ತಿದ್ದುದು ಡಾಕ್ಟರಲ್ಲ, ಸಿಸ್ಟರಮ್ಮ. ಬಾಗಿಲಿನ ಪಕ್ಕದಲ್ಲೇ ಅವಳ ಮೇಜು. ಮೇಜಿನ ಮೇಲೆ ಥರ್ಮಾಮೀಟರ್ ನಿಲ್ಲಿಸಿಟ್ಟ ಗಾಜಿನ ಲೋಟ, ಹತ್ತಿಯ ಡಬ್ಬಿ, ಪ್ರೆಷರ್ ಮೆಷಿನ್. ಎದುರಿಗೆ ಒಂದು ಉದ್ದನೆಯ ಬೆಂಚು. ಒಂದು ತುದಿಯಲ್ಲಿ ಕೂತವರು ಎದ್ದರೆ ಇನ್ನೊಂದು ತುದಿಯವರು ಬೀಳುವಂಥದ್ದು, ಆದ್ದರಿಂದ ಏಳುವವರು ಹೇಳಿಯೇ ಏಳಬೇಕು.

ಅವಳು ಕಾಲೇಜಿನಲ್ಲಿ ಓದಿ ನರ್ಸ್ ಆದವಳಲ್ಲ. ಮದುವೆಯಾದ ಹೊಸತರಲ್ಲಿ ಚೀಟಿ ಕೊಡುವ ಕೆಲಸಕ್ಕೆ ಸೇರಿ, ನೋಡಿ ನೋಡಿ ಕಲಿತು, ಡಾಕ್ಟರಿಂದ ಬೈಸಿಕೊಂಡು ಕಲಿತು, ಕೊನೆಗೆ ಬೀದಿಯವರ ಬಾಯಲ್ಲಿ ಸಿಸ್ಟರಮ್ಮ ಆದವಳು. ಮನೆಯಲ್ಲಿ ಗಂಡನೂ ಹಾಗೆಯೇ ಕೂಗುತ್ತಿದ್ದ. ಬಾಯಿ ಜೋರು, ಮನಸ್ಸು ಬೆಣ್ಣೆ. ಸಿಗರೇಟು ಸೇದುವವನು ರಸ್ತೆಯಲ್ಲಿ ಸಿಕ್ಕರೆ ನಾಲ್ಕು ಜನರ ಮುಂದೆಯೇ ನೀರಿಳಿಸುತ್ತಿದ್ದಳು. ಅದೇ ಮನುಷ್ಯನಿಗೆ ಜ್ವರ ಬಂದರೆ ಕೆಲಸ ಮುಗಿಸಿ ಮನೆಗೆ ಹೋಗುವಾಗ ಅವನ ಬಾಗಿಲಲ್ಲಿ ನಿಂತು ಹಣೆ ಮುಟ್ಟಿ ನೋಡಿ ಹೋಗುತ್ತಿದ್ದಳು.

ಡಾಕ್ಟರು ಮಾತು ಕಮ್ಮಿ, ಕೆಲಸ ಜಾಸ್ತಿ ಎನ್ನುವ ಜಾತಿಯವರು. ವಾರಕ್ಕೊಂದು ಬೆಳಿಗ್ಗೆ ಏನೂ ಕಾಯಿಲೆ ಇಲ್ಲದವರೂ ಬಂದು ಪ್ರೆಷರ್ ನೋಡಿಸಿಕೊಂಡು ಹೋಗಲಿ, ದುಡ್ಡು ಬೇಡ ಎಂದು ಅವರೇ ಏರ್ಪಾಡು ಮಾಡಿದ್ದರು. “ಕಾಯಿಲೆ ಬಂದ್ಮೇಲೆ ಬರೋರನ್ನ ನಾನು ನೋಡ್ತೀನಿ, ಬರೋಕ್ಕೆ ಮುಂಚೆ ಬರೋರನ್ನ ನೀನು ನೋಡಮ್ಮ” ಎಂದು ಆ ಬೆಳಿಗ್ಗೆಯನ್ನು ಪೂರ್ತಿ ಸಿಸ್ಟರಮ್ಮನ ಕೈಗೆ ಕೊಟ್ಟಿದ್ದರು. ಪ್ರೆಷರ್ ಹೆಚ್ಚಿದ್ದವರನ್ನು ಅವಳು ಒಳಗೆ ಕಳಿಸಬೇಕು, ಉಳಿದವರಿಗೆ ಉಪ್ಪು ಕಮ್ಮಿ ಮಾಡಿ, ನಡೆದಾಡಿ ಎಂದು ಹೇಳಿ ಮನೆಗೆ ಕಳಿಸಬೇಕು. ಡಾಕ್ಟರ ಕೋಣೆಯಲ್ಲಿ ಪಾದರಸದ ಹಳೆಯ ಉಪಕರಣವಿತ್ತು. ಒಳಗೆ ಹೋದವರನ್ನು ಅವರು ಅದರಲ್ಲೇ ನೋಡುತ್ತಿದ್ದರು. ಹೊರಗಿನ ಮೆಷಿನ್ ಸಿಸ್ಟರಮ್ಮನ ರಾಜ್ಯ.

ಆ ಮೆಷಿನ್ ಹೊಸದಾಗಿ ಬಂದ ದಿನ, ಬೇರೆಯವರ ತೋಳಿಗೆ ಕಟ್ಟುವ ಮುಂಚೆ ತನ್ನ ತೋಳಿಗೆ ಕಟ್ಟಿ ನೋಡೋಣ ಎಂದು ಅವಳಿಗೆ ಅನಿಸಿತು. ಒಳ್ಳೆಯ ಬುದ್ಧಿಯೇ. ಮೆಷಿನ್ ಗುರ್ ಎಂದು ಬಿಗಿದು, ಸಡಿಲಾಗಿ, ನೂರನಲವತ್ತು ತೋರಿಸಿತು. ಸಿಸ್ಟರಮ್ಮನಿಗೆ ನಗು ಬಂತು. ತಾನು ಒಂದು ದಿನ ತಲೆನೋವು ಎಂದು ಮಲಗಿದವಳಲ್ಲ, ಒಂದು ಮಾತ್ರೆ ನುಂಗಿದವಳಲ್ಲ, ಎರಡು ಮಹಡಿ ಏರಿದರೂ ಏದುಸಿರು ಬಿಡದವಳು. ತನಗೇನು ಧಾಡಿ? ತನ್ನದು ನೂರಿಪ್ಪತ್ತೇ ಇರಬೇಕು. ಹಾಗಾದರೆ ಈ ಮೆಷಿನ್ನೇ ಇಪ್ಪತ್ತು ಹೆಚ್ಚು ತೋರಿಸುತ್ತಿದೆ.

ಒಳಗೆ ಹೋಗಿ ಹೇಳಿದಳು. ಡಾಕ್ಟರು ಯಾರದೋ ಕಿವಿಯೊಳಗೆ ಟಾರ್ಚು ಬಿಟ್ಟು ಬಗ್ಗಿದ್ದರು. “ಸಾರ್, ಮೆಷಿನ್ ಸ್ವಲ್ಪ ಜಾಸ್ತಿ ತೋರ್ಸುತ್ತೆ” ಎಂದರೆ, “ಹಂಗಾದ್ರೆ ನೋಡ್ಕೊಂಡು ಅಷ್ಟು ಕಳೆದು ಹೇಳು” ಎಂದರು, ತಲೆ ಎತ್ತಲಿಲ್ಲ. ಅಷ್ಟೇ.

ಅಂದಿನಿಂದ ಅದೇ ರೂಢಿಯಾಯಿತು. ಪ್ರತಿ ವಾರದ ಆ ಬೆಳಿಗ್ಗೆ ಬಂದ ಕೂಡಲೇ ಮೆಷಿನ್ನನ್ನು ತನ್ನ ತೋಳಿಗೆ ಕಟ್ಟಿ, ನೂರಿಪ್ಪತ್ತಕ್ಕಿಂತ ಎಷ್ಟು ಹೆಚ್ಚು ಬಂತೋ ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಬಂದವರೆಲ್ಲರ ಪ್ರೆಷರ್‌ನಿಂದ ಕಳೆಯುವುದು. ಖಾಲಿ ಡಬ್ಬಿಯ ತೂಕ ಕಳೆದು ಎಣ್ಣೆ ತೂಗುವ ಅಂಗಡಿಯವನ ಹಾಗೆ. ವರ್ಷ ಕಳೆದಂತೆ ಇಪ್ಪತ್ತು ಮೂವತ್ತಾಯಿತು. “ಮೆಷಿನ್ನಿಗೂ ವಯಸ್ಸಾಗ್ತಿದೆ ಪಾಪ” ಎಂದು ಅದನ್ನು ಒಂದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು.

ಕೇಳುತ್ತಿರುವ ನಿಮಗೆ ಇಷ್ಟು ಹೊತ್ತಿಗೆ ಹೊಳೆದಿರುತ್ತದೆ. ಅವಳಿಗೆ ಹೊಳೆಯಲಿಲ್ಲ. ಊರಿನವರನ್ನೆಲ್ಲ ಅನುಮಾನದಿಂದ ನೋಡಬಲ್ಲವರಿಗೂ ತಮ್ಮ ಮೈ ಮೇಲೆ ಮಾತ್ರ ಅನುಮಾನ ಬರುವುದು ಕಷ್ಟ.

ಅಲ್ಲದೆ ಅವಳ ಲೆಕ್ಕ ಎಲ್ಲರಿಗೂ ಹಿತವಾಗಿತ್ತು. ಪ್ರೆಷರ್ ಹೆಚ್ಚಿದ್ದವರು ಸರಿಯಾಗಿದ್ದಾರೆ ಎನಿಸಿಕೊಂಡರು, ಸರಿಯಾಗಿದ್ದವರು ಕಮ್ಮಿ ಎನಿಸಿಕೊಂಡರು. “ನಮ್ಮ ಬೀದಿಯವರದು ತಣ್ಣನೆ ರಕ್ತ” ಎಂದು ಸಿಸ್ಟರಮ್ಮ ಹೆಮ್ಮೆಪಡುತ್ತಿದ್ದಳು. ಜನರೂ ಬೀಗರ ಮುಂದೆ ಅದನ್ನೇ ಹೇಳಿಕೊಂಡು ಬೀಗುತ್ತಿದ್ದರು. ಅವಳ ಗಂಡ ಬೀಗ ರಿಪೇರಿಯವನು, ಗಟ್ಟಿ ಆಳು. ಅವನಿಗೂ ಪ್ರೆಷರ್ ಕಮ್ಮಿ ಎಂದು ತೀರ್ಮಾನವಾಗಿ, ದಿನಾ ಮಧ್ಯಾಹ್ನ ಉಪ್ಪು ಹಾಕಿದ ನಿಂಬೆರಸ ಕುಡಿಯುವ ಶಿಕ್ಷೆಯಾಗಿತ್ತು. ಪಾಪ, ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದ.

ಕ್ಲಿನಿಕ್ಕಿನ ಎದುರಿಗೇ ಟೈಲರಣ್ಣನ ಅಂಗಡಿ. ಅವನು ಬಟ್ಟೆ ಕತ್ತರಿಸಿ ಹೊಲಿದರೆ ಹೆಂಡತಿ ಗುಂಡಿ, ಕಾಜಾ ನೋಡಿಕೊಳ್ಳುತ್ತಿದ್ದಳು. ಕೆಲವು ದಿನಗಳಿಂದ ಅವನಿಗೆ ಬೆಳಿಗ್ಗೆ ಎದ್ದ ಕೂಡಲೇ ತಲೆ ಭಾರ. ಹೆಂಡತಿ ದೊಡ್ಡಾಸ್ಪತ್ರೆಗೆ ಹೋಗೋಣ ಎಂದು ಗಂಟುಬಿದ್ದಳು. ಅವನು ಅದಕ್ಕೆ ಹೆದರಿ ಸಿಸ್ಟರಮ್ಮನ ಮುಂದೆ ಬಂದು ಕೂತ. ಮೆಷಿನ್ ನೂರ ಐವತ್ತೆಂಟು ತೋರಿಸಿತು. ಸಿಸ್ಟರಮ್ಮ ತನ್ನ ಮೂವತ್ತನ್ನು ಕಳೆದಳು. “ಏನಿಲ್ಲ, ಸರಿಯಾಗಿದೆ. ಬಗ್ಗಿ ಬಗ್ಗಿ ಹೊಲಿತೀಯಲ್ಲ, ಅದಕ್ಕೆ ತಲೆ ಭಾರ” ಎಂದಳು. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೂ ಧೈರ್ಯ ಹೇಳಿದಳು. “ದೊಡ್ಡಾಸ್ಪತ್ರೆ ಯಾಕಮ್ಮ, ನಾನಿದ್ದೀನಲ್ಲ.”

ಮುಂದಿನ ವಾರ ಟೈಲರಣ್ಣನ ಕೈಯಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ. ಹೆಂಡತಿ ಏನಾಯ್ತು ಎಂದು ಕೇಳಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಮಾತು ಮುದ್ದೆಯಾಗಿ ಬಂತು. ಅಕ್ಕಪಕ್ಕದವರು ಹೊತ್ತು ತಂದರು. ಡಾಕ್ಟರು ಒಮ್ಮೆ ನೋಡಿದವರೇ, “ತಡ ಮಾಡಬೇಡಿ, ದೊಡ್ಡಾಸ್ಪತ್ರೆಗೆ ನಡೀರಿ, ಈಗ್ಲೇ” ಎಂದು ತಾವೇ ಫೋನು ಮಾಡಿ ಗಾಡಿ ಹತ್ತಿಸಿದರು.

ಗಾಡಿ ಹೋದ ಮೇಲೆ ಒಳಗೆ ಬಂದು ಕುರ್ಚಿಯಲ್ಲಿ ಕೂತರು.

“ಹೋದ ವಾರ ಬಂದಿದ್ನಲ್ಲ ಇವನು? ಎಷ್ಟಿತ್ತು?”

“ನೂರ ಇಪ್ಪತ್ತೆಂಟು ಸಾರ್. ಮೆಷಿನ್ ತೋರ್ಸಿದ್ದು ನೂರ ಐವತ್ತೆಂಟು. ಮೂವತ್ತು ಕಳೆದ್ರೆ...”

“ಕಳೆದ್ರೆ ಅಂದ್ರೆ? ಯಾಕೆ ಕಳೀಬೇಕು?”

ಸಿಸ್ಟರಮ್ಮ ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ದನಿ ತಾನಾಗಿ ಸಣ್ಣದಾಯಿತು. ಡಾಕ್ಟರು ಪಾದರಸದ ಉಪಕರಣ ಬಿಚ್ಚಿ, “ಕೂತ್ಕೋ” ಎಂದರು. “ನನಗ್ಯಾಕೆ ಸಾರ್” ಎನ್ನುವಷ್ಟರಲ್ಲಿ ಅವಳ ತೋಳಿಗೆ ಪಟ್ಟಿ ಸುತ್ತಿಯಾಗಿತ್ತು. ಒಂದು ತೋಳಲ್ಲಿ ನೋಡಿದರು. ಇನ್ನೊಂದು ತೋಳಲ್ಲಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ನೋಡಿದರು.

“ನಿನ್ನ ಮೆಷಿನ್ ಸರಿಯಾಗೇ ಇದೆಯಮ್ಮ” ಎಂದರು.

ಸಿಸ್ಟರಮ್ಮನಿಗೆ ಈಗ ಹೊಳೆಯಿತು. ಇಷ್ಟು ವರ್ಷ ಪ್ರೆಷರ್ ಇದ್ದದ್ದು ತನಗೆ. ಅದನ್ನು ಮೆಷಿನ್ನಿನ ತಲೆಗೆ ಕಟ್ಟಿ, ಬೀದಿಯವರ ಕಾಯಿಲೆಯನ್ನೆಲ್ಲ ತಾನೇ ಮುಚ್ಚಿಟ್ಟಂತಾಯಿತು. ತನ್ನ ಗತಿಯೇನು ಎಂದು ಅವಳು ಕೇಳಲಿಲ್ಲ. “ಸಾರ್, ಅವನ ಕೈ ಮೊದಲಿನ ಹಂಗೆ ಆಗುತ್ತಾ?” ಎಂದು ಕೇಳಿ ಅತ್ತುಬಿಟ್ಟಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬೇಗ ಹೋಗಿದ್ದಾನೆ, ಆಗಬಹುದು. ನೀನು ಅವತ್ತೇ ಬಂದು ಹೇಳಿದ್ದೆ. ನಾನು ತಲೆ ಎತ್ತಿ ನೋಡಿದ್ರೆ ಸಾಕಿತ್ತು. ತಪ್ಪು ನಿಂದೊಬ್ಬಳದೇ ಅಲ್ಲ. ಅಳೋದು ಆಮೇಲೆ ಇರ್ಲಿ, ಯಾರ್ಯಾರಿಗೆ ಕಳೆದು ಹೇಳಿದ್ದೀಯೋ ಅವರನ್ನೆಲ್ಲ ಕರ್ಕೊಂಡು ಬಾ.” ಆಮೇಲೆ ಅವಳ ಹೆಸರಿಗೂ ಒಂದು ಮಾತ್ರೆ ಬರೆದರು.

ಆ ಸಂಜೆ ಮನೆಯಲ್ಲಿ ವಿಷಯ ಕೇಳಿದ ಗಂಡ ಕೈಯಲ್ಲಿದ್ದ ಬೀಗ ಕೆಳಗಿಟ್ಟ. “ಅಂದ್ರೆ ನಂಗೆ ಪ್ರೆಷರ್ ಕಮ್ಮಿ ಇರ್ಲೇ ಇಲ್ವಾ?” ಎಂದ.

“ಇರ್ಲಿಲ್ಲ.”

“ಮತ್ತೆ ಇಷ್ಟು ವರ್ಷ ಕುಡಿದಿದ್ದು?”

ಅಳುತ್ತಿದ್ದವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆಮೇಲೆ ಎದ್ದು ಹೋಗಿ ಒಂದು ಲೋಟ ನೀರು ತಂದು, ಮಾತ್ರೆ ಬಿಡಿಸಿ ಅವಳ ಅಂಗೈಯಲ್ಲಿಟ್ಟ. “ಊರಿಗೆಲ್ಲ ಹೇಳ್ತಿದ್ದೆಯಲ್ಲ, ದಿನಾ ತಪ್ಪಿಸಬಾರದು ಅಂತ. ನುಂಗು” ಎಂದ. ನುಂಗುವ ತನಕ ಎದುರಿಗೇ ನಿಂತಿದ್ದ. ಉಪ್ಪಿನ ಡಬ್ಬಿ ಮರುದಿನದಿಂದ ಅವಳ ಕೈಗೆಟುಕದ ಮೇಲಿನ ಹಲಗೆಗೆ ಹೋಯಿತು.

ಸಿಸ್ಟರಮ್ಮ ಮನೆ ಮನೆ ತಿರುಗಿದಳು. ಯಾರ ಮನೆಯಲ್ಲೂ ಸುತ್ತಿ ಬಳಸಿ ಮಾತಾಡಲಿಲ್ಲ. ಹೊಸ್ತಿಲಲ್ಲೇ ನಿಂತು, “ನಿಮ್ಮ ಪ್ರೆಷರ್ ನಾನು ತಪ್ಪು ಹೇಳಿದ್ದೆ. ಇನ್ನೊಂದ್ಸಲ ಬಂದು ಡಾಕ್ಟರ ಹತ್ರ ತೋರಿಸಿ” ಎಂದು ಹೇಳಿ ಬೈಗುಳ ಬಂದರೆ ಕೇಳಿಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು. ಬೈದವರೂ ಇದ್ದರು. ಬಸ್ ಡ್ರೈವರೊಬ್ಬ, “ನಂಗೇನೂ ಆಗಿಲ್ವಲ್ಲ, ಕಲ್ಲಿದ್ದಂಗಿದ್ದೀನಿ” ಎಂದ. “ನಾನೂ ಹಂಗೇ ಅಂದ್ಕೊಂಡಿದ್ದೆ ಕಣಪ್ಪ. ಪ್ರೆಷರ್ ಸದ್ದು ಮಾಡ್ಕೊಂಡು ಬರಲ್ಲ. ನಿನ್ನ ಹಿಂದೆ ಬಸ್ ತುಂಬ ಜನ ಕೂತಿರ್ತಾರೆ” ಎಂದಳು. ಅವನು ಮರುದಿನವೇ ಬಂದ. ಡಾಕ್ಟರು ನೋಡಿದರೆ ಅವನದೇ ಎಲ್ಲರಿಗಿಂತ ಜಾಸ್ತಿ. ಹೀಗೆ ಒಬ್ಬೊಬ್ಬರಾಗಿ ಬಂದರು, ಕೆಲವರಿಗೆ ಮಾತ್ರೆ ಶುರುವಾಯಿತು, ಉಳಿದವರು ಬದುಕಿದೆಯಾ ಬಡಜೀವವೇ ಎಂದು ಮನೆಗೆ ಹೋದರು.

ಟೈಲರಣ್ಣನ ಮನೆಗೆ ಮಾತ್ರ ಅವಳ ಕಾಲು ಏಳಲಿಲ್ಲ. ಅವನು ಆಸ್ಪತ್ರೆಯಿಂದ ಬಂದಿದ್ದಾನೆ, ನಡೆಯುತ್ತಾನೆ, ಮಾತೂ ತಿಳಿಯುವಷ್ಟಾಗಿದೆ, ಆದರೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ಸುದ್ದಿ ಬಂತು. ಕೊನೆಗೆ ಗಟ್ಟಿ ಮನಸ್ಸು ಮಾಡಿ ಹೋದಳು. ಹೆಂಡತಿ ಬಾಗಿಲು ತೆರೆದು, ಬಾಗಿಲಿಗೆ ಅಡ್ಡವಾಗಿ ನಿಂತಳು.

“ನಾನು ದೊಡ್ಡಾಸ್ಪತ್ರೆಗೆ ಹೋಗೋಣ ಅಂದಾಗ ‘ಯಾಕಮ್ಮ’ ಅಂದಿದ್ದು ನೀವೇ ಅಲ್ವಾ?”

“ಹೌದಮ್ಮ. ನಾನೇ.”

“ನೀವಿದ್ದೀರಿ ಅಂತ ನಂಬಿ ನಾನು ಸುಮ್ಮನಾದೆ.”

ಒಳಗಿನಿಂದ ಟೈಲರಣ್ಣ, “ಬರ್ಲಿ ಬಿಡೇ, ಬೇಕಂತ ಮಾಡಿದ್ಳಾ?” ಎಂದು ತೊದಲಿದ್ದು ಕೇಳಿಸಿತು. ಹೆಂಡತಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಸಿಸ್ಟರಮ್ಮ ಮೆಷಿನ್ ಮುಟ್ಟಲಿಲ್ಲ. ಚೀಟಿ ಬರೆದಳು, ತೂಕ ನೋಡಿದಳು, ಜ್ವರ ನೋಡಿದಳು. ಪ್ರೆಷರ್ ಎಂದರೆ, “ಒಳಗೆ ಡಾಕ್ಟರೇ ನೋಡ್ತಾರೆ” ಎನ್ನುತ್ತಿದ್ದಳು. ಹೆಚ್ಚು ಹೇಳಿ ಹೆದರಿಸಿಬಿಟ್ಟರೆ, ಕಮ್ಮಿ ಹೇಳಿ ಕೊಂದುಬಿಟ್ಟರೆ ಎಂದು ಅವಳ ಕೈ ಹಿಂದೇಟು ಹಾಕುತ್ತಿತ್ತು. ವಾರದ ಆ ಬೆಳಿಗ್ಗೆ ಡಾಕ್ಟರೊಬ್ಬರೇ ಎಲ್ಲರನ್ನೂ ನೋಡಲಾಗದೆ ಸಾಲು ರಸ್ತೆಗೆ ಬೆಳೆಯಿತು. ಕಾದು ಕಾದು ಸಾಕಾಗಿ, ಆರೋಗ್ಯವಾಗಿಯೇ ಇದ್ದೀವಲ್ಲ ಎಂದು ಜನ ಎದ್ದು ಹೋಗತೊಡಗಿದರು. ಹಾಗೆ ಎದ್ದು ಹೋದವರಲ್ಲಿ ಇನ್ನೊಬ್ಬ ಟೈಲರಣ್ಣ ಇಲ್ಲವೆಂದು ಹೇಳುವವರಾರು? ಡಾಕ್ಟರು ಅವಳಿಗೆ ಒಂದೇ ಸಲ ಹೇಳಿದರು. “ನೀನು ಶುರು ಮಾಡದಿದ್ರೆ ಇದನ್ನ ನಿಲ್ಲಿಸಬೇಕಾಗುತ್ತಮ್ಮ.” ಅವಳು ತಲೆ ತಗ್ಗಿಸಿದಳು, ಮೆಷಿನ್ ಮಾತ್ರ ಎತ್ತಿಕೊಳ್ಳಲಿಲ್ಲ.

ಮುಂದಿನ ವಾರ ಸಾಲಿನಲ್ಲಿ ಟೈಲರಣ್ಣನ ಹೆಂಡತಿ ಕೂತಿದ್ದಳು. ಗಂಡನ ಮಾತ್ರೆಗೆ ಬಂದಿರಬೇಕು ಎಂದುಕೊಂಡು ಸಿಸ್ಟರಮ್ಮ ಅವಳ ಕಡೆ ನೋಡದೆ ಚೀಟಿ ಜೋಡಿಸುತ್ತಿದ್ದಳು. ಸರದಿ ಬಂತು. ಅವಳು ಒಳಗೆ ಹೋಗಲಿಲ್ಲ. ಮೇಜಿನ ಮುಂದಿನ ಸ್ಟೂಲಿನಲ್ಲಿ ಕೂತು, ರವಿಕೆಯ ತೋಳನ್ನು ಮೇಲಕ್ಕೆ ಮಡಚಿ, ಕೈಯನ್ನು ಮೇಜಿನ ಮೇಲೆ ಚಾಚಿದಳು.

“ನಂದು ನೋಡಿ.”

“ಒಳಗೆ ಡಾಕ್ಟರು...”

“ಡಾಕ್ಟರಿಗೆ ತೋರಿಸೋದಾಗಿದ್ರೆ ಒಳಗೇ ಹೋಗ್ತಿದ್ದೆ. ನೀವು ನೋಡಿ. ಒಂದೂ ಕಳೀದೆ ಹೇಳಿ.”

ಸಿಸ್ಟರಮ್ಮ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿ ಮೆಷಿನ್ ಎತ್ತಿಕೊಂಡಳು. ಸುತ್ತಿದ ಪಟ್ಟಿ ಒಂದು ಸಲ ಬಿಚ್ಚಿಕೊಂಡಿತು. ಮತ್ತೆ ಸುತ್ತಿದಳು. ಮೆಷಿನ್ ಬಿಗಿಯಿತು, ಸಡಿಲಾಯಿತು. ಅಂಕಿ ನಿಂತಿತು. ಸಿಸ್ಟರಮ್ಮ ಅದನ್ನು ನೋಡಿದಳು. ಕಮ್ಮಿ ಇರಲಿ ಎಂದು ಅವಳ ಜೀವ ಎಷ್ಟು ಬೇಡಿಕೊಂಡಿದ್ದರೂ ಕಮ್ಮಿ ಇರಲಿಲ್ಲ. ಎರಡು ನಿಮಿಷ ಕಾದು ಮತ್ತೊಮ್ಮೆ ನೋಡಿದಳು. ಅದೇ.

“ನೂರ ಐವತ್ತೆರಡು” ಎಂದಳು. “ಜಾಸ್ತಿ ಇದೆಯಮ್ಮ. ಇವತ್ತೇ ಡಾಕ್ಟರ ಹತ್ರ ಮಾತಾಡಬೇಕು.”

ಆ ಹೆಣ್ಣುಮಗಳು ಅಂಕಿಯನ್ನೇ ನೋಡುತ್ತಾ ಕೂತಳು. ಗಂಡ ಬಿದ್ದ ದಿನವೂ ಯಾರ ಮುಂದೆಯೂ ಅಳದವಳ ಕಣ್ಣು ತುಂಬಿ ಬಂತು. “ನಾನೂ ಬಿದ್ದುಬಿಟ್ರೆ ಅವರನ್ನ ಯಾರು ನೋಡ್ಕೋತಾರೆ?” ಎಂದಳು.

“ಬೀಳಲ್ಲ. ಗೊತ್ತಾಯ್ತಲ್ಲ ಈಗ. ಗೊತ್ತಾದ್ಮೇಲೆ ಇದಕ್ಕೆ ದಾರಿ ಇದೆ. ನಾನೂ ದಿನಾ ಮಾತ್ರೆ ನುಂಗ್ತಾ ಇದ್ದೀನಿ.”

ಟೈಲರಣ್ಣನ ಹೆಂಡತಿ ಕಣ್ಣೊರೆಸಿಕೊಂಡು ಎದ್ದಳು. ಡಾಕ್ಟರ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟವಳು ನಿಂತು, ಹಿಂದಿರುಗಿ ನೋಡಿದಳು.

“ನೀವೂ ಬನ್ನಿ ಅಕ್ಕ, ಒಬ್ಬಳೇ ಹೋಗೋಕೆ ಭಯ ಆಗುತ್ತೆ” ಎಂದಳು.

ಸಿಸ್ಟರಮ್ಮ ಬೆಂಚಿನವರಿಗೆ, “ಯಾರೂ ಎದ್ದು ಹೋಗ್ಬೇಡಿ, ಬಂದು ನಾನೇ ನೋಡ್ತೀನಿ” ಎಂದು ಹೇಳಿ, ಅವಳ ಕೈ ಹಿಡಿದುಕೊಂಡು ಒಳಗೆ ಹೋದಳು.