ತಿಹೊಮಿರನ ತಿರುವಿನಲ್ಲಿ ಗಾಡಿ ಬೀಳಬೇಕು

ಗ್ರಾಬೊವಿಕ್ ಊರಿನ ಸಂಸ್ಕೃತಿ ಭವನದ ಹಜಾರಕ್ಕೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಲೆಪೊಸಾವಾ ಜಿವಾನೊವಿಚ್ ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ, ಕೋಲಿಗೆ ಸಿಕ್ಕಿಸಿ, ಬಾಗಿಲ ಕಡೆಯಿಂದ ನೆಲ ಒರೆಸುತ್ತಾ ಬರುತ್ತಾರೆ. ಎದುರು ಗೋಡೆಯ ತುಂಬ ಒಂದು ದೊಡ್ಡ ಪರದೆ. ಅದನ್ನು ರಾತ್ರಿಯೂ ಯಾರೂ ಆರಿಸುವುದಿಲ್ಲ. ಅದರೊಳಗೆ ಹಸಿರು ಬಣ್ಣದ ಪುಟ್ಟ ಎಂಜಿನ್ನೊಂದು ಡಬ್ಬಿಗಳನ್ನು ಎಳೆದುಕೊಂಡು ಪ್ಲಾಸ್ಟರಿನ ಗುಡ್ಡ ಸುತ್ತಿ, ಸೇತುವೆ ದಾಟಿ, ನೀರಿನ ತೊಟ್ಟಿಯ ಪಕ್ಕದ ತಿರುವಿಗೆ ಬರುತ್ತದೆ. ಆಗ ಲೆಪೊಸಾವಾ ಅವರ ಎಡಗೈ ತಾನಾಗಿ ಕೋಲು ಬಿಟ್ಟು ಮೇಲೇಳುತ್ತದೆ. ಏನೋ ಬೀಳುತ್ತದೆ, ಹಿಡಿಯಬೇಕು ಎನ್ನುವಂತೆ ಅಂಗೈ ಬೋಗುಣಿಯಾಗುತ್ತದೆ. ಗಾಡಿ ಬೀಳುವುದಿಲ್ಲ. ಬೆಣ್ಣೆಯ ಮೇಲೆ ಜಾರಿದ ಹಾಗೆ ಸರಿದು ಹೋಗುತ್ತದೆ. ಕೈ ಮತ್ತೆ ಕೋಲು ಹಿಡಿಯುತ್ತದೆ.

"ದಿನಾ ಇದೇ ಕತೆ," ಎನ್ನುತ್ತಾರೆ ಲೆಪೊಸಾವಾ. "ಬೀಳಲ್ಲ ಅಂತ ನಂಗೊತ್ತು. ಈ ಕೈಗೆ ಗೊತ್ತಾಗಲ್ಲ."

ಪರದೆಯೊಳಗಿನ ಆ ಗುಡ್ಡ, ಆ ಸೇತುವೆ, ನಿಲ್ದಾಣದ ಮುಂದಿನ ಲಿಂಡೆನ್ ಮರಗಳು, ಹಳಿಯ ಕೆಳಗಿನ ಒಂದೊಂದು ಮರದ ಪಟ್ಟಿ, ಎಲ್ಲವನ್ನೂ ಕಟ್ಟಿದವರು ಈ ನೆಲ ಒರೆಸುವ ಹೆಂಗಸು. ಕೆಳಗೊಂದು ಹಿತ್ತಾಳೆಯ ಫಲಕವಿದೆ. ಅದರಲ್ಲಿ ಹಣ ಕೊಟ್ಟ ಸಚಿವಾಲಯದ ಹೆಸರಿದೆ, ಭವನದ ನಿರ್ದೇಶಕರ ಹೆಸರಿದೆ, ರಾಜಧಾನಿಯಿಂದ ಬಂದ ಕಂಪನಿಯ ಹೆಸರಿದೆ. ಗೋಡೆಗೆ ವಿದ್ಯುತ್ ತಂತಿ ಎಳೆದವನ ಹೆಸರೂ ಇದೆ. ಲೆಪೊಸಾವಾ ಅವರ ಹೆಸರಿಲ್ಲ. ವಾರಕ್ಕೊಮ್ಮೆ ಆ ಫಲಕವನ್ನು ತಿಕ್ಕಿ ಹೊಳೆಯಿಸುವ ಭಾಗ್ಯ ಮಾತ್ರ ಅವರದು.

ಗ್ರಾಬೊವಿಕ್ ರೈಲಿನಿಂದ ಹುಟ್ಟಿದ ಊರು. ಇಲ್ಲಿನ ಗಂಡಸರು ಎಂಜಿನ್ ಓಡಿಸಿದರು, ಸಿಗ್ನಲ್ ರಿಪೇರಿ ಮಾಡಿದರು, ಸಂಜೆಗೆ ಈ ಭವನದ ಮೇಲಿನ ಕೋಣೆಯಲ್ಲಿ ಒಂದು ಕ್ಲಬ್ ಮಾಡಿಕೊಂಡು ಸೇರಿ ಆಟದ ರೈಲು ಕಟ್ಟಿದರು. ಹಗಲೆಲ್ಲ ರೈಲು, ಸಂಜೆಗೂ ರೈಲೇ ಎಂದು ಮನೆಯ ಹೆಂಗಸರು ಮೂಗು ಮುರಿಯುತ್ತಿದ್ದರು. ಉದ್ದದ ಮೇಜುಗಳನ್ನು ಜೋಡಿಸಿ, ಅದರ ಮೇಲೆ ಗುಡ್ಡ, ನದಿ, ಊರು, ನಿಲ್ದಾಣ. ಯಾರ ಮನೆಗೆ ನೆಂಟರು ಬಂದರೂ ಮೊದಲು ಕರೆದುಕೊಂಡು ಬರುತ್ತಿದ್ದುದು ಆ ಕೋಣೆಗೆ.

ಸಿಗ್ನಲ್ ರಿಪೇರಿಯ ತಿಹೊಮಿರ್ ಹಾಕಿದ ತಿರುವೊಂದು ಅದರಲ್ಲಿತ್ತು. ಕಿಟಕಿಯ ಕೆಳಗೆ ಕೋಣೆ ಬಿಸಿಮಾಡುವ ಕಬ್ಬಿಣದ ರೇಡಿಯೇಟರ್. ಮೇಜು ಅದಕ್ಕೆ ತಗಲುತ್ತಿತ್ತು. ಬುದ್ಧಿವಂತರಾಗಿದ್ದರೆ ಮೇಜನ್ನು ಸರಿಸುತ್ತಿದ್ದರು. ತಿಹೊಮಿರ್ ಮೇಜಿನ ಮೂಲೆಯನ್ನೇ ಕೊಯ್ದು, ಹಳಿಯನ್ನು ತುಂಡು ತುಂಡು ಮಾಡಿ ಮುರಿದು ಬಾಗಿಸಿ ಕೂರಿಸಿದರು. ಅವತ್ತಿನಿಂದ ಅಲ್ಲಿ ಪ್ರತಿ ಎರಡನೇ ಗಾಡಿ ಮಗುಚುತ್ತಿತ್ತು. ಎಂಜಿನ್ ಚಾಲಕ ವುಕಾಶಿನ್ ಇದಕ್ಕಾಗಿ ಅವರ ಜೊತೆ ಮೂವತ್ತು ವರ್ಷ ಜಗಳವಾಡಿದರು. ಸರಿಮಾಡಲು ಮಾತ್ರ ಯಾರೂ ಕೈ ಹಾಕಲಿಲ್ಲ. ಬದಲಿಗೆ ಒಂದು ಪದ್ಧತಿ ಬೆಳೆಯಿತು. ಗಾಡಿ ತಿರುವಿಗೆ ಬಂದಾಗ ಯಾರಾದರೊಬ್ಬರು "ಕೈ!" ಎಂದು ಕೂಗಬೇಕು, ಹತ್ತಿರ ಇದ್ದವರು ಅಂಗೈ ಒಡ್ಡಬೇಕು. ಯಾರ ಗಾಡಿ ಬಿತ್ತೋ ಅವರು ಎಲ್ಲರಿಗೂ ಕಾಫಿ ಮಾಡಬೇಕು.

ಲೆಪೊಸಾವಾ ಅಲ್ಲಿಗೆ ಗುಡಿಸಲು ಹೋದ ಮೊದಲ ಸಂಜೆಯೇ "ಕೈ!" ಕೇಳಿಸಿತು. ಏನೆಂದು ತಿಳಿಯದೆ ಏಪ್ರನ್ ಒಡ್ಡಿದರು. ಎಂಜಿನ್ ಅದರೊಳಗೆ ಬಿತ್ತು.

"ವುಕಾಶಿನ್ ಮೇಸ್ತ್ರಿ ಹೇಳಿದ್ರು, ಇವಳನ್ನ ಬಿಡ್ಬೇಡಿ, ನಮ್ಮ ಯಾವನಿಗೂ ಇಷ್ಟು ದೊಡ್ಡ ಕೈ ಇಲ್ಲ ಅಂತ," ಎಂದು ನೆನೆದು ಲೆಪೊಸಾವಾ ಈಗಲೂ ನಗುತ್ತಾರೆ.

ಅಂದಿನಿಂದ ಆ ಮೇಜುಗಳ ಧೂಳು ತೆಗೆಯುವ ಕೆಲಸ ಅವರದಾಯಿತು. ತೀರಿಕೊಂಡ ಗಂಡ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ ಬ್ರಷ್ಷಿನಿಂದ ಮರ, ಮಾಡು, ಬೇಲಿ ಎಲ್ಲವನ್ನೂ ಒಂದೊಂದಾಗಿ ಸವರುತ್ತಿದ್ದರು. ಹಬ್ಬಕ್ಕೆ ಮುಂಚೆ ಮನೆಯ ದೇವರ ಪಟ ಒರೆಸುವಾಗಲೂ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲವಂತೆ.

ಆಮೇಲೆ ಹೊಸ ನಿರ್ದೇಶಕರು ಬಂದರು. ಮೇಲಿನ ಕೋಣೆಯನ್ನು ವ್ಯಾಯಾಮ ಶಾಲೆಗೆ ಬಾಡಿಗೆಗೆ ಕೊಟ್ಟರು. ಒಂದು ಬೆಳಿಗ್ಗೆ ಹಾರೆ ಹಿಡಿದ ಆಳುಗಳು ಬಂದು, ಮಧ್ಯಾಹ್ನದ ಊಟಕ್ಕೆ ಮುಂಚೆ, ಊರಿನ ಗಂಡಸರು ಅರ್ಧ ಆಯಸ್ಸು ಕೂತು ಕಟ್ಟಿದ್ದನ್ನು ಕಿಟಕಿಯಿಂದ ಅಂಗಳಕ್ಕೆ ಎಸೆದರು. ಕ್ಲಬ್ಬಿನವರಿಗೆ ಒಂದು ಮಾತು ಹೇಳಿರಲಿಲ್ಲ. ಕೇಳಿದ್ದಕ್ಕೆ ನಿರ್ದೇಶಕರ ಉತ್ತರ: ಧೂಳು ಹಿಡಿದ ಆಟಿಕೆಗಳು.

"ಆಟಿಕೆ ಅಂದ್ರೆ ಸುಮ್ನಿರ್ತಿದ್ದೆ," ಎನ್ನುತ್ತಾರೆ ಲೆಪೊಸಾವಾ, ಮತ್ತು ಆ ಮೆತ್ತನೆಯ ಮುಖ ಕೆಂಪಾಗುತ್ತದೆ. "ಧೂಳು ಅಂದ! ನನ್ ಕೈಯಲ್ಲಿ ಧೂಳು! ಹೋಗಿ ಅವನ ಮೇಜಿನ ಮೇಲೆ ಬೆರಳು ಎಳೆದು ತೋರಿಸ್ಬೇಕು ಅನ್ನಿಸ್ತು. ಆಮೇಲೆ ನೆನಪಾಯ್ತು, ಆ ಮೇಜು ಒರೆಸೋಳೂ ನಾನೇ."

ಅವತ್ತು ಅಂಗಳದ ಕಸದಿಂದ ಅವರು ಬಕೆಟ್ಟಿನಲ್ಲಿ ಹೊತ್ತು ತಂದದ್ದು ಕೆಲವು ಮನೆಗಳು, ನೀರಿನ ತೊಟ್ಟಿ, ಒಂದು ಹಿಡಿ ಬೇಲಿ. ತಿಹೊಮಿರ್ ಅಂಗಳದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಆ ಚಳಿಗಾಲ ಕಳೆಯುವ ಮುಂಚೆ ಅವರನ್ನು ಮಣ್ಣು ಮಾಡಿದರು. ಸತ್ತದ್ದು ಹೃದಯದ ಕಾಯಿಲೆಯಿಂದ ಎಂದು ವೈದ್ಯರು ಹೇಳುತ್ತಾರೆ. ವೈದ್ಯರ ಮಾತನ್ನು ಅಲ್ಲಗಳೆಯುವುದು ಬೇಡ. ಆ ಹೃದಯ ಯಾವ ಕಿಟಕಿಯಿಂದ ಕೆಳಗೆ ಬಿತ್ತು ಎಂಬುದು ಊರಿಗೆ ಗೊತ್ತು.

ಲೆಪೊಸಾವಾ ಅವರ ಅಡುಗೆಮನೆಯಲ್ಲಿ, ಕೆಂಪು ಮೆಣಸಿನ ಚಟ್ನಿಯ ಜಾಡಿಗಳ ನಡುವೆ, ಮಗಳು ಬಿಟ್ಟುಹೋದ ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿ ರೈಲು ಓಡಿಸುವ ಸಿಮ್ಯುಲೇಟರ್ ಒಂದಿದೆ. ಜಗತ್ತಿನಾದ್ಯಂತ ಅದರಲ್ಲಿ ನಿಜವಾದ ರೈಲುಮಾರ್ಗಗಳನ್ನು ಕಟ್ಟುವವರಿದ್ದಾರೆ. ಮನೆಯಲ್ಲಿ ಮೇಜಿಗೆ ಜಾಗವಿಲ್ಲದ ಕೆಲವರು ಮಾತ್ರ ಅದರೊಳಗೆ ಆಟದ ರೈಲನ್ನೇ ಕಟ್ಟುತ್ತಾರೆ, ಮೇಜಿನ ಕಾಲು, ಹಲಗೆಯ ಅಂಚು, ಅಂಟಿನ ಕಲೆಯ ಸಮೇತ. ಲೆಪೊಸಾವಾ ಅವರಿಗೆ ಅದನ್ನು ಹೇಳಿಕೊಟ್ಟವರು ಪೋಲೆಂಡಿನ ಒಬ್ಬ ನಿವೃತ್ತ ಅಂಚೆಯವರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. "ಅವ್ರು ಅವರ ಭಾಷೇಲಿ ಬರೀತಿದ್ರು, ನಾನು ನನ್ನ ಭಾಷೇಲಿ. ಅರ್ಧ ಅರ್ಥ ಆಗ್ತಿತ್ತು. ಉಳಿದಿದ್ದಕ್ಕೆ ಚಿತ್ರ ಕಳಿಸ್ತಿದ್ರು, ಪಾಪ."

ಕೆಲಸದಿಂದ ಬಂದು, ಸೂಪಿಗೆ ಬೀನ್ಸ್ ಒಲೆಯ ಮೇಲಿಟ್ಟು, ಅವರು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಕೆಲವು ಮಸುಕು ಫೋಟೋಗಳನ್ನು ಬಿಟ್ಟರೆ ಅವರಿಗೆ ಆಧಾರ ಕೈಯ ನೆನಪೊಂದೇ. ಕಣ್ಣು ಮುಚ್ಚಿ ಗಾಳಿಯಲ್ಲಿ ಬ್ರಷ್ ಆಡಿಸುತ್ತಿದ್ದರು. ಅದು ಎಲ್ಲಿ ಸಿಕ್ಕಿಕೊಳ್ಳುತ್ತಿತ್ತೋ ಅಲ್ಲೊಂದು ದೀಪದ ಕಂಬ. ಎಲ್ಲಿ ಹುಷಾರಾಗಿ ಎತ್ತಬೇಕಿತ್ತೋ ಅಲ್ಲಿ ನಿಲ್ದಾಣದ ಮುರುಕು ಚಿಮಣಿ. ಬಕೆಟ್ಟಿನ ಮನೆಗಳನ್ನು ಎಲ್ಲ ಮಗ್ಗುಲಿನಿಂದ ಫೋಟೋ ತೆಗೆದು, ಆ ಫೋಟೋಗಳನ್ನೇ ಪರದೆಯೊಳಗಿನ ಗೋಡೆಗಳಿಗೆ ಅಂಟಿಸಿದರು.

ಮುಗಿದ ಮೇಲೆ ವುಕಾಶಿನ್ ಅವರನ್ನು ಕರೆದರು. ಅವರು ಕನ್ನಡಕ ಏರಿಸಿ ಕೂತು, ಗಾಡಿ ಬಿಟ್ಟರು. ಗುಡ್ಡ ಸುತ್ತಿತು, ಸೇತುವೆ ದಾಟಿತು, ತಿರುವಿನಲ್ಲಿ ನೆಟ್ಟಗೆ ಹೋಯಿತು. ಇನ್ನೊಂದು ಸುತ್ತು ಬಿಟ್ಟರು. ಮತ್ತೆ ನೆಟ್ಟಗೆ ಹೋಯಿತು.

"ಚೆನ್ನಾಗಿದೆ ಲೆಪಾ," ಎಂದು ಎದ್ದರು. "ಆದ್ರೆ ಇದು ನಮ್ದಲ್ಲ."

"ಏನ್ ಕಮ್ಮಿಯಾಯ್ತು ಮೇಸ್ತ್ರಿ?"

"ತಿಹೊಮಿರ್ ಇಲ್ಲ."

ಲೆಪೊಸಾವಾ ಅವರ ಆ ಇಡೀ ಚಳಿಗಾಲ ಒಂದು ಗಾಡಿಯನ್ನು ಬೀಳಿಸುವುದರಲ್ಲೇ ಹೋಯಿತು. ವೇಗ ಹೆಚ್ಚಿಸಿದರು, ಹಳಿ ಓರೆಮಾಡಿದರು, ಡಬ್ಬಿಯ ಭಾರ ಇಳಿಸಿದರು. ಗಾಡಿ ಬೀಳುತ್ತಿತ್ತು, ಆದರೆ ಹೊಸಬನ ಹಾಗೆ ಬೀಳುತ್ತಿತ್ತು. ಕೊನೆಗೊಂದು ದಿನ ಭವನದ ಮೆಟ್ಟಿಲು ಒರೆಸುತ್ತಾ ರೇಡಿಯೇಟರಿನ ಹಿಂದಕ್ಕೆ ಕೋಲು ತೂರಿಸುವಾಗ ಹೊಳೆಯಿತು. ಸಿಮ್ಯುಲೇಟರಿನಲ್ಲಿ ಮೇಜಿದೆ, ರೇಡಿಯೇಟರ್ ಇಲ್ಲ. ಅದಿಲ್ಲದ ಕಡೆ ತಿಹೊಮಿರ್ ಮೂಲೆ ಕೊಯ್ಯುವುದಾದರೂ ಯಾಕೆ? ಮನೆಗೆ ಹೋಗಿ ಪರದೆಯೊಳಗೆ ಕಿಟಕಿ ಇಟ್ಟರು, ಕೆಳಗೆ ಬಣ್ಣ ಎದ್ದ ರೇಡಿಯೇಟರ್ ಇಟ್ಟರು, ಮೇಜನ್ನು ಅದಕ್ಕೆ ತಗಲಿಸಿದರು. ಆಮೇಲೆ ಮೂಲೆ ಕೊಯ್ದು, ತುಂಡು ಹಳಿಗಳನ್ನು ತಿಹೊಮಿರ್ ಕೂರಿಸಿದ ಹಾಗೆ ಮುರಿದು ಕೂರಿಸಿದರು.

"ರೇಡಿಯೇಟರ್ ಇಟ್ಟ ಮೇಲೆ ತಿರುವು ತಾನೇ ಬಂತು," ಎನ್ನುತ್ತಾರೆ. "ಮೊದಲನೇ ಗಾಡಿ ಹೋಯ್ತು. ಎರಡನೇದು ಮಗುಚ್ತು. ನಾನು ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡೆ."

ಈ ಸುದ್ದಿ ನಿರ್ದೇಶಕರ ಕಿವಿಗೆ ಬಿತ್ತು. ರೈಲ್ವೆ ನೌಕರರ ದಿನಕ್ಕೆ ಅವರಿಗೆ ಏನಾದರೂ ಪ್ರದರ್ಶನ ಬೇಕಾಗಿತ್ತು. ಕಿಟಕಿಯಿಂದ ಎಸೆದದ್ದು ಈಗ ಪರಂಪರೆಯಾಗಿತ್ತು! ಕೇಳಿದರು, ಲೆಪೊಸಾವಾ ಖುಷಿಯಿಂದಲೇ ಅದರದೊಂದು ಪ್ರತಿ ಕೊಟ್ಟರು. ಕಂಪನಿಯವರು ಅದನ್ನು ತೆಗೆದುಕೊಂಡು ಹೋಗಿ "ಅಚ್ಚುಕಟ್ಟು" ಮಾಡಿದರು. ಮೇಜಿನ ಅಂಚು ತೆಗೆದರು, ಅಂಟಿನ ಕಲೆ ಅಳಿಸಿದರು, ರೇಡಿಯೇಟರ್ ಕಿತ್ತರು, ತಿರುವನ್ನು ನುಣ್ಣಗೆ ಮಾಡಿದರು. ಎರಡು ಸಲ ಕೆಡವಿದ ಕ್ಲಬ್ಬಿನ ಹೆಸರನ್ನು ಫಲಕದಲ್ಲಿ ಹಾಕುವುದು ಹೇಗೆಂದು ಸಂಕೋಚವಾಯಿತೋ ಏನೋ, ಅದನ್ನೂ ಬಿಟ್ಟರು.

ಲೆಪೊಸಾವಾ ನಿರ್ದೇಶಕರ ಕೋಣೆಗೆ ಹೋದರು. ಕಸದ ಬುಟ್ಟಿ ತೆಗೆಯಲು ಅಲ್ಲ, ಮಾತಾಡಲು ಹೋದದ್ದು ಅದೇ ಮೊದಲು. ಅಲ್ಲಿ ನಡೆದ ಮಾತನ್ನು ಇಬ್ಬರೂ ಒಂದೇ ತೆರನಾಗಿ ಹೇಳುತ್ತಾರೆ.

"ಗಾಡಿ ಬಿದ್ರೆ ಜನ ಏನಂತಾರೆ ಚಿಕ್ಕಮ್ಮ? ಯಂತ್ರ ಕೆಟ್ಟಿದೆ ಅಂತಾರೆ."

"ನಗ್ತಾರೆ ಸಾರ್. ನಾವು ನಗ್ತಿದ್ವಿ."

"ಮಂತ್ರಿಗಳು ಬರ್ತಿದ್ದಾರೆ ಕಣಮ್ಮ!"

"ಬರ್ಲಿ. ಮಂತ್ರಿಗೂ ಕೈ ಇರುತ್ತಲ್ಲ, ಒಡ್ಲಿ."

ನಿರ್ದೇಶಕರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. "ಅವರು ಒಳ್ಳೆ ಕೆಲಸಗಾರ್ತಿ. ಆದ್ರೆ ಪ್ರದರ್ಶನ ಅಂದ್ಮೇಲೆ ಒಂದು ಮಟ್ಟ ಇರ್ಬೇಕಲ್ವಾ?" ಎನ್ನುತ್ತಾರೆ. ಯಾರ ಮಟ್ಟ? ಒಬ್ಬ ಮನುಷ್ಯ ತನ್ನ ಸಂಜೆಗಳನ್ನೆಲ್ಲ ಸುರಿದು ಮಾಡಿದ ಒಂದು ತಪ್ಪನ್ನು ಗೆಳೆಯರು ಮೂವತ್ತು ವರ್ಷ ಅಂಗೈಯಲ್ಲಿ ಹಿಡಿದು ಕಾಪಾಡಿದರು. ಒಬ್ಬ ಹೆಂಗಸು ಅದನ್ನು ಕಸದಿಂದ ಎತ್ತಿ ಮತ್ತೆ ಜೀವ ಕೊಟ್ಟಳು. ಅದನ್ನು ಒಂದು ಮಧ್ಯಾಹ್ನದಲ್ಲಿ ನುಣ್ಣಗೆ ಸವರಿ ಅಳಿಸುವುದಕ್ಕೆ ಮಟ್ಟ ಎಂದು ಹೆಸರಿಡಲು ಬಾಯಾದರೂ ಹೇಗೆ ಬರುತ್ತದೆ?

ರೈಲ್ವೆ ನೌಕರರ ದಿನ ಬರುತ್ತದೆ. ಬ್ಯಾಂಡು, ಹೂವು, ಭಾಷಣ. ಕ್ಲಬ್ಬಿನಲ್ಲಿ ಉಳಿದಿರುವ ಮೂವರು ಮುದುಕರು ಹಳೆಯ ಸಮವಸ್ತ್ರ ತೊಟ್ಟು ಹಜಾರದಲ್ಲಿ ನಿಲ್ಲುತ್ತಾರೆ. ಪರದೆಯಲ್ಲಿ ಹಸಿರು ಎಂಜಿನ್ ನೀರಿನ ತೊಟ್ಟಿ ಸಮೀಪಿಸುತ್ತದೆ. ಮೂರು ಅಂಗೈ ಒಟ್ಟಿಗೇ ಮುಂದೆ ಬರುತ್ತವೆ. ಬಾಗಿಲ ಬಳಿ ಬಕೆಟ್ ಹಿಡಿದು ನಿಂತ ಲೆಪೊಸಾವಾ ಅವರದು ನಾಲ್ಕನೆಯದು. ಗಾಡಿ ನೆಟ್ಟಗೆ ಹೋಗುತ್ತದೆ. ಮಂತ್ರಿಗಳು ಚಪ್ಪಾಳೆ ತಟ್ಟುತ್ತಾರೆ.

ವುಕಾಶಿನ್ ಟೋಪಿ ಹಾಕಿಕೊಂಡು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: "ನಡೀರಪ್ಪಾ. ತಿಹೊಮಿರನನ್ನ ಎರಡನೇ ಸಲ ಮಣ್ಣು ಮಾಡೋದನ್ನ ನಿಂತು ನೋಡೋಕೆ ನಂಗಾಗಲ್ಲ." ಮೂವರೂ ಹೊರಟು ಹೋಗುತ್ತಾರೆ. ನಿರ್ದೇಶಕರ ಭಾಷಣದ ನಡುವೆಯೇ ಲೆಪೊಸಾವಾ ಬಕೆಟ್ಟನ್ನು ಅಲ್ಲೇ ಇಟ್ಟು ಹಿಂದೆ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಅವರು ಬಕೆಟ್ ಬಿಟ್ಟು ಹೋದದ್ದು ಇದೇ ಮೊದಲು.

ಲೆಪೊಸಾವಾ ಅವರ ಅಡುಗೆಮನೆಯಲ್ಲಿ ನಾಲ್ಕು ಜನ ಕೂರಲು ಜಾಗ ಸಾಲದು, ಆದರೂ ಕೂರುತ್ತಾರೆ. ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಸುರಿದು, ಸತ್ತವನ ಪಾಲಿನ ತೊಟ್ಟನ್ನು ಮೊದಲು ನೆಲಕ್ಕೆ ಬಿಡುತ್ತಾರೆ. ವುಕಾಶಿನ್ ಮೌಸ್ ಹಿಡಿಯುತ್ತಾರೆ. ಗುಡ್ಡ, ಸೇತುವೆ, ನೀರಿನ ತೊಟ್ಟಿ.

"ಕೈ!" ಎಂದು ಕೂಗುತ್ತಾರೆ ಲೆಪೊಸಾವಾ.

ವುಕಾಶಿನ್ ಅವರ ಅಂಗೈ ಕಂಪ್ಯೂಟರಿನ ಅಂಚಿಗೆ ಬಡಿಯುತ್ತದೆ. ಎಂಜಿನ್ ಹಳಿಯಿಂದ ಎಗರಿ, ರೇಡಿಯೇಟರಿಗೆ ತಾಗಿ, ಪರದೆಯ ಕೆಳಗೆಲ್ಲೋ ಬಿದ್ದು ಹೋಗುತ್ತದೆ.

"ಕತ್ತೆ ನನ್ಮಗ," ಎನ್ನುತ್ತಾರೆ ವುಕಾಶಿನ್, ಕಣ್ಣು ಒರೆಸಿಕೊಳ್ಳುತ್ತಾ. "ಹೇಳೀ ಹೇಳೀ ನನ್ನ ನಾಲಿಗೆ ಸವೀತು. ಕೊನೆಗೂ ಸರಿಮಾಡ್ಲಿಲ್ಲ ನೋಡು."

ಏನು ಬೇಕೆಂದು ಕೇಳಿದರೆ ಲೆಪೊಸಾವಾ ಹೇಳುತ್ತಾರೆ: "ಹೆಸರು ಹಾಕೋದು ಬಿಡೋದು ಅವರಿಗೆ ಬಿಟ್ಟಿದ್ದು. ಹಾಕಿದ್ರೆ ತಿಹೊಮಿರ್ ಹೆಸರು ಮೊದಲು ಹಾಕ್ಲಿ. ನಂಗೆ ಆ ರೇಡಿಯೇಟರ್ ಒಂದು ವಾಪಸ್ ಇಟ್ರೆ ಸಾಕು. ಬೆಳಿಗ್ಗೆ ಒಬ್ಬಳೇ ಇರ್ತೀನಲ್ಲ, ಈ ಕೈಗೆ ಏನಾದ್ರೂ ಸಿಗ್ಲಿ." ಮತ್ತೆ ಸೇರಿಸುತ್ತಾರೆ: "ನೆಟ್ಟಗೆ ಓಡ್ಸೋದು ಯಾರಿಗೂ ಬರುತ್ತೆ. ಹಾಗೆ ಬೀಳ್ಸೋದು ನಂಗೊಬ್ಬಳಿಗೇ ಬರೋದು."

ಕಾಫಿಗೆ ನೀರಿಡಲೆಂದು ಅವರು ಅಭ್ಯಾಸಬಲದಿಂದ ಎದ್ದಾಗ, ವುಕಾಶಿನ್ ಆಗಲೇ ಒಲೆಯ ಮುಂದೆ ನಿಂತು ಪುಡಿಯ ಡಬ್ಬಿ ಹುಡುಕುತ್ತಿದ್ದಾರೆ.

"ಕೂತ್ಕೋ ಲೆಪಾ," ಎನ್ನುತ್ತಾರೆ ತಿರುಗಿ ನೋಡದೆ. "ಗಾಡಿ ಬಿದ್ದಿದ್ದು ನಂದು."